ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ಗೆ ಹಳೇ ರೈಲು ದಾರಿಯಲ್ಲಿ ಸೈಕಲ್: ಏರನ್ನಲ್ಲ, ನೀರನ್ನು ನೋಡಿಕೊಂಡು ಹೋಗಿ

ಮೂರನೇ ದಿನ ಬೆಳಗ್ಗೆ ನೋಡಿದರೆ ಸೈಕಲ್ಲಿನ ಚೈನೇ ಕಾಣಿಸುತ್ತಿರಲಿಲ್ಲ. ಅದರ ತುಂಬ ಬೂದು ಬಣ್ಣದ ಪೇಸ್ಟು. ಸಿಮೆಂಟ್ ಕಲಸಿದ ಬಾಣಲಿಯಿಂದ ಎತ್ತಿ ತೆಗೆದ ಹಾಗಿತ್ತು. ಪೆಡಲ್ ತಿರುಗಿಸಿದರೆ ಕರಕರ ಸದ್ದು. ಹಿಂದಿನ ದಿನ ಸುರಿದದ್ದು ಬರೀ ನಾಲ್ಕು ಗಂಟೆ ಮಳೆ, ಅಷ್ಟೇ.

ಅಮೆರಿಕದ ಗ್ರೇಟ್ ಅಲೆಗೇನಿ ಪ್ಯಾಸೇಜ್ ಬಗ್ಗೆ ಹೇಳ್ತಿದ್ದೇನೆ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ವರೆಗೆ ಸುಮಾರು 240 ಕಿ.ಮೀ. ಹೆಚ್ಚು ಭಾಗ ಹಳೇ ರೈಲು ದಾರಿ. ಬೆಟ್ಟದ ಕಡೆಯ ತುಂಡನ್ನು ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ 1912ರಲ್ಲಿ ಕಟ್ಟಿ ಮುಗಿಸಿತ್ತು, 1975ರಲ್ಲಿ ಕೈಬಿಟ್ಟಿತು. ಸೈಕಲ್ ದಾರಿಯ ಮೊದಲ ತುಂಡು ಒಹಾಯೊಪೈಲ್ ಹತ್ತಿರ 1986ರಲ್ಲಿ ತೆರೆಯಿತು. ಪೂರ್ತಿ ಆಗಿದ್ದು 2013ರಲ್ಲಿ. ದಾರಿಗೆ ಶುಲ್ಕವಿಲ್ಲ, ಪರವಾನಗಿ ಬೇಡ, ಕಾರು ಬೈಕುಗಳ ಕಾಟವಿಲ್ಲ.

ಹೊರಡುವವರೆಲ್ಲ ಮೊದಲು ಕೇಳೋದು "ಏರು ಎಷ್ಟಿದೆ?" ಅಂತ. ನಾನೂ ಅದನ್ನೇ ಕೇಳಿದ್ದೆ. ಅದಕ್ಕೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಗೂಡ್ಸ್ ರೈಲು ಎಳೆಯೋಕೆ ಮಾಡಿದ ದಾರಿ ಇದು. ದಿಬ್ಬ ಕಡಿದು, ತಗ್ಗು ತುಂಬಿಸಿ, ಸೇತುವೆ ಕಟ್ಟಿ ಮಟ್ಟ ಮಾಡಿದ್ದಾರೆ. ಪಿಟ್ಸ್‌ಬರ್ಗ್ ಕಡೆಯಿಂದ ಹೊರಟರೆ 200 ಕಿ.ಮೀ. ಉದ್ದಕ್ಕೂ ಏರುತ್ತಿದ್ದೀರಿ ಅಂತ ಗೊತ್ತೇ ಆಗೋದಿಲ್ಲ. ತುತ್ತತುದಿ 729 ಮೀಟರ್ ಎತ್ತರದ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್, ಅಂದರೆ ಮಳೆನೀರು ಒಂದು ಕಡೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಮೆಕ್ಸಿಕೊ ಕೊಲ್ಲಿಗೆ ಹರಿದುಹೋಗುವ ಗಡಿ. ಅಲ್ಲಿಂದ ಕಂಬರ್‌ಲ್ಯಾಂಡ್‌ಗೆ 38 ಕಿ.ಮೀ. ಬರೀ ಇಳಿಜಾರು. ಉಲ್ಟಾ ಬಂದರೆ ಮೊದಲ ದಿನವೇ ಆ 38 ಕಿ.ಮೀ. ಹತ್ತಬೇಕು. ಕಡಿದಾಗಿಲ್ಲ, ಆದರೆ ಮಧ್ಯೆ ಉಸಿರು ಬಿಡೋಕೆ ಒಂದು ಇಳಿಜಾರೂ ಸಿಗೋದಿಲ್ಲ. ಲಗೇಜ್ ಜಾಸ್ತಿ ಇದ್ದವರು ಪಿಟ್ಸ್‌ಬರ್ಗ್‌ನಿಂದಲೇ ಹೊರಡಿ.

ಕೇಳಬೇಕಾದ ಪ್ರಶ್ನೆ ಬೇರೆ: ಕಳೆದ ವಾರ ಮಳೆ ಬಂದಿತ್ತಾ? ಊರುಗಳ ಹತ್ತಿರ ಡಾಂಬರು ಇದೆ. ಉಳಿದದ್ದೆಲ್ಲ ಸುಣ್ಣದಕಲ್ಲಿನ ಪುಡಿ ಹಾಕಿ ರೋಲರ್ ಓಡಿಸಿದ್ದು. ಒಣಗಿದ್ದಾಗ ಅದು ಗಟ್ಟಿ ನೆಲ. ಮೊದಲ ದಿನ ಕಾನೆಲ್ಸ್‌ವಿಲ್‌ವರೆಗೆ 100 ಕಿ.ಮೀ. ಹಾಯಾಗಿ ತುಳಿದೆ. ಎರಡನೇ ದಿನ ಒಹಾಯೊಪೈಲ್ ದಾಟುವ ಹೊತ್ತಿಗೆ ಮಳೆ ಹಿಡಿಯಿತು. ಟೈರು ಒಂದು ಬೆರಳಿನಷ್ಟು ಹೂತುಹೋಗದಿದ್ದರೂ ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆದ ಹಾಗೆ. ಅವತ್ತು 43 ಕಿ.ಮೀ.ಗೇ ಸುಸ್ತಾಗಿ ಕಾನ್‌ಫ್ಲುಯೆನ್ಸ್ ಊರಲ್ಲಿ ಬಿದ್ದುಕೊಂಡೆ.

ಚಳಿಗಾಲ ಮುಗಿದ ಹೊಸದರಲ್ಲಂತೂ ಹೋಗಲೇಬೇಡಿ. ನೆಲದೊಳಗೆ ಹೆಪ್ಪುಗಟ್ಟಿದ ನೀರು ಕರಗುವಾಗ ದಾರಿ ಸ್ಪಂಜಿನಂತಾಗುತ್ತದೆ. ಆಗ ಬಿದ್ದ ಟೈರಿನ ಗೆರೆ ಒಣಗಿ ಹಾಗೇ ಉಳಿಯುತ್ತದೆ. ಆಮೇಲೆ ಬರುವವರ ಮುಂದಿನ ಚಕ್ರ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನಾನು ಹೋದದ್ದು ಮೇ ತಿಂಗಳು. ಆಗಲೂ ನೆರಳಿರುವ ಕಡೆ ಇಂಥ ಗೆರೆಗಳಿದ್ದವು.

ಕಾನ್‌ಫ್ಲುಯೆನ್ಸ್ ದಾಟಿ ಸ್ವಲ್ಪ ದೂರದಲ್ಲಿ ಇಬ್ಬರು ವಯಸ್ಸಾದವರು ಮೋರಿಯ ಬಾಯಿಗೆ ಬಗ್ಗಿ, ಕುಂಟೆಯಿಂದ ಕೊಳೆತ ಎಲೆ ಎಳೆದು ಹಾಕುತ್ತಿದ್ದರು. ಇಬ್ಬರೂ ಸ್ವಯಂಸೇವಕರು. ಒಬ್ಬರು ಕೈಯಲ್ಲಿದ್ದ ಎಲೆಮುದ್ದೆ ತೋರಿಸಿ, ದಾರಿ ಕೊಚ್ಚಿ ಹೋಗೋಕೆ ಇಷ್ಟು ಸಾಕು ಅಂದರು. ಮೋರಿ ಕಟ್ಟಿಕೊಂಡರೆ ಗುಡ್ಡದ ನೀರು ದಾರಿಯ ಮೇಲೇ ಹರಿಯುತ್ತದೆ. ಪುಡಿಯೆಲ್ಲ ತೊಳೆದುಹೋಗಿ ಕೆಳಗಿನ ಜಲ್ಲಿ ಮೇಲೆ ಬರುತ್ತದೆ. ಅಲ್ಲಿಂದ ಮುಂದೆ ನನ್ನ ಕಣ್ಣು ನದಿ ಬಿಟ್ಟು ಪಕ್ಕದ ಚರಂಡಿ ಮೇಲೇ ಇತ್ತು ಅನ್ನಿ! ಚರಂಡಿ ಚೊಕ್ಕಟವಾಗಿದ್ದ ಕಡೆ, ಮಳೆ ಬಂದ ಮರುದಿನವೂ ದಾರಿ ಗಟ್ಟಿಯಾಗೇ ಇತ್ತು. ಎಲೆ ತುಂಬಿದ್ದ ಕಡೆ ನೂರು ಮೀಟರ್ ಮೊದಲೇ ಗೇರ್ ಇಳಿಸಿಕೊಳ್ಳುತ್ತಿದ್ದೆ. ಬಿದ್ದ ಮರ, ಕೊರೆದ ಗುಂಡಿ ಕಂಡರೆ ಫೋಟೋ ತೆಗೆದು, ಹತ್ತಿರದ ಮೈಲಿಕಂಬದ ಸಂಖ್ಯೆ ಸೇರಿಸಿ ದಾರಿ ನೋಡಿಕೊಳ್ಳುವವರಿಗೆ ಕಳಿಸಿ. ಮೈಲಿ ಎಣಿಕೆ ಕಂಬರ್‌ಲ್ಯಾಂಡ್‌ನಲ್ಲಿ ಸೊನ್ನೆ, ಪಿಟ್ಸ್‌ಬರ್ಗ್‌ನಲ್ಲಿ 150.

ಟೈರು ಕನಿಷ್ಠ 35 ಮಿ.ಮೀ. ಇರಲಿ, 40 ಇದ್ದರೆ ಇನ್ನೂ ಒಳ್ಳೇದು. ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಬೇಕೇ ಬೇಕು. ಒಂದು ಹಳೇ ಟೂತ್‌ಬ್ರಷ್, ಒಂದು ಬಟ್ಟೆ, ಚೈನ್ ಎಣ್ಣೆಯ ಸಣ್ಣ ಬಾಟಲಿ ಇಟ್ಟುಕೊಳ್ಳಿ. ಮಳೆಯಲ್ಲಿ ತುಳಿದ ದಿನ ಎಷ್ಟೇ ಸುಸ್ತಾದರೂ ಮಲಗುವ ಮೊದಲೇ ಚೈನ್ ತೊಳೆಯಿರಿ. ನಾನು ಬೆಳಗ್ಗೆ ನೋಡೋಣ ಅಂತ ಬಿಟ್ಟೆ, ಒಣಗಿದ ಪೇಸ್ಟು ಬಿಡಿಸೋಕೆ ಒಂದು ಗಂಟೆ ಹೋಯಿತು. ಅದೇ ಪುಡಿ ಬ್ರೇಕ್ ಪ್ಯಾಡನ್ನೂ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ನನ್ನದು ಬಾಡಿಗೆ ಸೈಕಲ್. ಅಂಗಡಿಯವರು ಈಗಷ್ಟೇ ಸರ್ವಿಸ್ ಆಗಿದೆ ಅಂದರು, ನಾನು ನಂಬಿದೆ. ಕೊನೆಯ ಇಳಿಜಾರಿನಲ್ಲಿ ಫ್ರಾಸ್ಟ್‌ಬರ್ಗ್ ಹತ್ತಿರ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಶುರುವಾಯಿತು. ಹಿಂದಿನ ಪ್ಯಾಡು ಖಾಲಿ. ಸೈಕಲ್ ತಗೊಳ್ಳುವಾಗಲೇ ಪ್ಯಾಡು ಬಗ್ಗಿ ನೋಡಿ, ಒಂದು ಜೊತೆ ಎಕ್ಸ್‌ಟ್ರಾ ಕೇಳಿ ತಗೊಳ್ಳಿ.

ರಸ್ತೆ ದಾಟುವ ಕಡೆ ಕಾರು ನುಗ್ಗದಂತೆ ಕಂಬ, ಗೇಟು ಇರುತ್ತವೆ. ಎರಡೂ ಕಡೆ ಚೀಲ ಕಟ್ಟಿದ್ದರೆ ಇಳಿದೇ ದಾಟಿ. ನನ್ನ ಎಡಗಡೆ ಚೀಲದ ಕೊಂಡಿ ಒಂದು ಕಂಬಕ್ಕೆ ಬಲಿಯಾಯಿತು.

ಮೈಯರ್ಸ್‌ಡೇಲ್‌ಗೆ ಸ್ವಲ್ಪ ಮೊದಲು ಸಾಲ್ಸ್‌ಬರಿ ವಯಾಡಕ್ಟ್ ಸಿಗುತ್ತದೆ, 582 ಮೀಟರ್ ಉದ್ದದ ಸೇತುವೆ. ಕೆಳಗೆ ಗೂಡ್ಸ್ ರೈಲು ಹೋಗೋದನ್ನು ಕಂಬಿ ಹಿಡಿದು ನೋಡುತ್ತಾ ಸುಮ್ನೆ ಅರ್ಧ ಗಂಟೆ ಕಳೆದೆ. ಡಿವೈಡ್ ದಾಟಿದ ಮೇಲೆ ಬಿಗ್ ಸಾವೇಜ್ ಸುರಂಗ, ಸುಮಾರು ಒಂದು ಕಿ.ಮೀ. ಒಳಗೆ ದೀಪವಿದ್ದರೂ ನಿಮ್ಮ ಲೈಟೂ ಇರಲಿ. ಸ್ವೆಟರ್ ಮೇಲೇ ಇಟ್ಟುಕೊಳ್ಳಿ, ಮೇ ತಿಂಗಳಲ್ಲೂ ಹಲ್ಲು ಕಟಕಟ ಅಂದವು. ಐಸು ಕಟ್ಟಿ ಗೋಡೆ ಹಾಳಾಗದಿರಲಿ ಅಂತ ಚಳಿಗಾಲದಲ್ಲಿ ಇದರ ಬಾಗಿಲು ಮುಚ್ಚುತ್ತಾರೆ, ತೆರೆಯೋದು ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ. ಪಕ್ಕದಲ್ಲಿ ಸುಲಭದ ದಾರಿ ಇಲ್ಲ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮೊದಲೇ ಸುರಂಗ ತೆರೆದಿದೆಯಾ ಅಂತ ನೋಡಿ. ಫ್ರಾಸ್ಟ್‌ಬರ್ಗ್‌ನಿಂದ ಕೆಳಗೆ ಪಕ್ಕದಲ್ಲೇ ಪ್ರವಾಸಿ ರೈಲಿನ ಹಳಿ ಇದೆ. ಬ್ರಷ್ ಸುರಂಗದಲ್ಲಿ ಅದಕ್ಕೂ ನಮಗೂ ಒಂದೇ ಜಾಗ. ರೈಲು ಬರೋ ಸದ್ದು ಕೇಳಿದರೆ ಹೊರಗೇ ನಿಂತುಬಿಡಿ.

ಕಂಬರ್‌ಲ್ಯಾಂಡ್‌ನಿಂದ ಹಲವರು ಹಾಗೇ ವಾಷಿಂಗ್ಟನ್‌ಗೆ ಮುಂದುವರಿಯುತ್ತಾರೆ. ಅದು ರೈಲು ದಾರಿಯಲ್ಲ, ಸಿ ಅಂಡ್ ಓ (ಚೆಸಪೀಕ್ ಅಂಡ್ ಒಹಾಯೊ) ಅನ್ನೋ ಹಳೇ ಕಾಲುವೆ ಪಕ್ಕ ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ 297 ಕಿ.ಮೀ. ದಾರಿ. ಕೆಲವು ಕಡೆ ಹೊಸದಾಗಿ ಕಲ್ಲುಪುಡಿ ಹಾಕಿದ್ದಾರೆ, ಉಳಿದ ಕಡೆ ಮಣ್ಣು, ಬೇರು, ಕೆಸರು. ನನ್ನ ಪ್ಲಾನೂ ಅದೇ ಇತ್ತು. ಎದುರಿನಿಂದ ಬಂದ ಒಬ್ಬಾಕೆಯ ಸೈಕಲ್ ನೋಡಿದೆ. ಯಾವ ಕಂಪನಿಯದು ಅಂತ ಓದೋಕೂ ಆಗದಷ್ಟು ಕೆಸರು ಮೆತ್ತಿತ್ತು. ಆಕೆಯ ಹತ್ತಿರ ನೀರಿನ ಪೈಪು ಎಲ್ಲಿದೆ ಅಂತ ಕೇಳಿಕೊಂಡು, ನನ್ನ ಸೈಕಲ್ ತೊಳೆದು, ರೈಲಿಗೆ ಸೀಟು ಬುಕ್ ಮಾಡಿದೆ.