ಥ್ಯಾಂಕ್ಸ್ ಮಾಲ್ಕ್
ಊಟ ಮಾಡುತ್ತಾ ಸುಮ್ನೆ ಅಮೆರಿಕದ ಟೀವಿ ಕಾಮಿಡಿ ಶೋ ‘ಸ್ಯಾಟರ್ಡೇ ನೈಟ್ ಲೈವ್’ನ ಹಳೇ ಕ್ಲಿಪ್ ಹಾಕಿದ್ದೆ. 1977ರ ಡಿಸೆಂಬರ್‌ದು. ಆ ವಾರದ ಹೋಸ್ಟ್ ಸ್ಟಾರ್ ಅಲ್ಲ, ಸ್ಪರ್ಧೆ ಗೆದ್ದು ಬಂದ 80 ವರ್ಷದ ಅಜ್ಜಿ, ಮಿಸ್ಕೆಲ್ ಸ್ಪಿಲ್‌ಮನ್!

ಹಾಡೋಕೆ ಬರಬೇಕಿದ್ದದ್ದು ಬ್ರಿಟನ್ನಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್. ವೀಸಾ ತಕರಾರಾಗಿ ಅವರ ಬದಲು ಗಾಯಕ ಎಲ್ವಿಸ್ ಕಾಸ್ಟೆಲೋ ತಂಡ ಬಂತು. ಹಾಡು ಶುರುವಾದ ಕೆಲವೇ ಕ್ಷಣಕ್ಕೆ ಆತ ಬ್ಯಾಂಡ್ ನಿಲ್ಲಿಸಿದ. ಲೈವ್‌ನಲ್ಲಿ! ಆಮೇಲೆ ಬೇರೆ ಹಾಡು, ಅದೂ ರೇಡಿಯೊದವರನ್ನು ಬೈಯುವಂಥದ್ದು.

ಎಲ್ಲರೂ ಹೇಳುವುದು ಇದನ್ನೇ. ನನ್ನ ಕಣ್ಣು ಹೋಗಿದ್ದು ಡ್ರಮ್ಮರ್ ಪೀಟ್ ಥಾಮಸ್‌ನ ಟೀ ಶರ್ಟ್ ಮೇಲೆ. ‘ಥ್ಯಾಂಕ್ಸ್ ಮಾಲ್ಕ್’ ಅಂತ ಬರೆದಿತ್ತು. ಮಾಲ್ಕ್ ಅಂದರೆ ಮಾಲ್ಕಮ್ ಮೆಕ್ಲಾರೆನ್, ಪಿಸ್ಟಲ್ಸ್ ಮ್ಯಾನೇಜರ್.

ಸ್ಕಿಟ್‌ಗಳಿಗಿಂತ ಜಾಸ್ತಿ ನಗು ಬಂದಿದ್ದು ಅದಕ್ಕೇ. ಇನ್ನೊಬ್ಬರ ಚಾನ್ಸ್ ತಪ್ಪಿದ್ದರಿಂದ ನಮಗೆ ಸಿಕ್ಕಿದ್ದನ್ನು ನಾವಾದರೆ ಯಾರಿಗೂ ಹೇಳುವುದಿಲ್ಲ, ಅಲ್ವಾ? ಇವನು ಎದೆ ಮೇಲೇ ಬರೆದುಕೊಂಡು ಟೀವಿಗೆ ಬಂದಿದ್ದಾನೆ!