ತಳಂಗರೆ ತನಕ ನಡೆದು ಹೋದ ದಿನ

ಇಷ್ಟು ವರ್ಷ ಕಾಸರಗೋಡು ಪೇಟೆ ಅಂದ್ರೆ ನನಗೆ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಮತ್ತೆ ಕಾಗದಪತ್ರ ಹಿಡ್ಕೊಂಡು ಹೋಗುವ ಆಫೀಸು. ಅಷ್ಟೇ. ಕೆಲಸ ಮುಗಿದ ಕೂಡಲೇ ಸಿಕ್ಕಿದ ಬಸ್ಸು ಹತ್ತಿ ಮನೆಗೆ. ಕಳೆದ ಶನಿವಾರ ಅಮ್ಮನೇ "ಇವತ್ತು ಸುಮ್ನೆ ಪೇಟೆ ತಿರುಗುವ, ಆಟೋ ಬೇಡ" ಅಂದರು.

ಮಲ್ಲಿಕಾರ್ಜುನ ದೇವಸ್ಥಾನದಲ್ಲಿ ಕೈಮುಗಿದು ಹೊರಟೆವು. ನಿಧಾನಕ್ಕೆ ನಡೆದರೆ ಈ ಪೇಟೆ ಕಿವಿಗೇ ಮೊದಲು ಸಿಗುತ್ತದೆ. ಮೀನಿನ ಬುಟ್ಟಿಯ ಹತ್ತಿರ ಮಲಯಾಳ, ಹೂವಿನವರ ಹತ್ತಿರ ತುಳು, ಜೀನಸಿನ ಅಂಗಡಿಯೊಳಗೆ ಕೊಂಕಣಿ, ನಮ್ಮಿಬ್ಬರದ್ದು ಕನ್ನಡ. 1956ರಲ್ಲಿ ಊರು ಕೇರಳಕ್ಕೆ ಸೇರಿತು, ಆದರೆ ಅಂಗಡಿಯವರು ಇವತ್ತಿಗೂ ನಮ್ಮ ಮುಖ ನೋಡಿ ಭಾಷೆ ಬದಲಿಸುತ್ತಾರೆ. ನನಗೆ ಅದು ದೊಡ್ಡ ವಿಷಯ.

ರೈಲ್ವೆ ಸ್ಟೇಷನ್ ದಾಟಿ ತಳಂಗರೆಗೆ. ಮಾಲಿಕ್ ದೀನಾರ್ ಮಸೀದಿಯ ಎದುರು ನಿಂತು ಸ್ವಲ್ಪ ಹೊತ್ತು ನೋಡಿದೆವು. ಆಮೇಲೆ ಒಂದು ಸಣ್ಣ ಅಂಗಡಿ. ಮುಸ್ಲಿಮರು ಹಾಕುವ ತಳಂಗರೆ ಟೊಪ್ಪಿಯ ಹೆಸರು ಕೇಳಿದ್ದೆ, ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಬಿಳಿ ಬಟ್ಟೆ, ಅದರ ಮೇಲೆ ಬಿಳಿ ನೂಲಿನದ್ದೇ ಕಸೂತಿ, ಹಾಗಾಗಿ ದೂರದಿಂದ ಏನೂ ಗೊತ್ತಾಗುವುದಿಲ್ಲ, ಬೆಳಕಿಗೆ ಓರೆ ಹಿಡಿದರೆ ಸಾಲು ಸಾಲು ಹೊಲಿಗೆ ಎದ್ದು ಕಾಣುತ್ತದೆ. ಬೆರಳು ಆಡಿಸಿದರೆ ಅಕ್ಕಿಕಾಳಿನ ಹಾಗೆ ತಾಗುತ್ತದೆ. ಇದನ್ನು ಹೊಲಿಯುವುದು ಹೆಚ್ಚಾಗಿ ಇಲ್ಲಿನ ಹೆಂಗಸರು, ಮನೆಯಲ್ಲೇ ಕೂತು, ಮನೆಗೆಲಸದ ನಡುವೆ. ಒಂದು ಕಾಲದಲ್ಲಿ ಗಲ್ಫಿಗೆಲ್ಲ ಹೋಗುತ್ತಿದ್ದ ಟೊಪ್ಪಿ ಇದು. ಮಿಷನ್ ಟೊಪ್ಪಿ ಕಡಿಮೆ ಬೆಲೆಗೆ ಸಿಗುವ ಈ ಕಾಲದಲ್ಲಿ ಕೈ ಹೊಲಿಗೆಯವರು ತೀರಾ ಕಡಿಮೆಯಾಗಿದ್ದಾರೆ.

"ಇದಕ್ಕೆ ಎಷ್ಟು ದಿನ ಬೇಕು ಇಚ್ಚಾ?" ಅಂತ ಅಮ್ಮ ಕೇಳಿದರು; ನಮ್ಮ ಕಡೆ ಮುಸ್ಲಿಂ ಹಿರಿಯರನ್ನು ಇಚ್ಚ ಅಂತಲೇ ಕರೆಯುವುದು. ಅಂಗಡಿಯ ಅಜ್ಜ "ಕಣ್ಣು ಒಳ್ಳೆದಿದ್ರೆ ಬೇಗ ಆಗ್ತದೆ ಅಮ್ಮಾ, ಈಗ ಹೊಲಿಯುವವರಿಗೆಲ್ಲ ಪ್ರಾಯ ಆಯ್ತು" ಅಂದರು. ಅಮ್ಮ ಚೌಕಾಸಿ ಮಾಡದೆ ದುಡ್ಡು ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದೊಂದು ಸುಲೈಮಾನಿ, ಅಂದರೆ ಹಾಲು ಹಾಕದ ಚಹಾ, ಕುಡಿದು ಚಂದ್ರಗಿರಿ ಸೇತುವೆ ಕಡೆಗೆ ನಡೆದೆವು. ಬಿಸಿಲು ಜಾಸ್ತಿ ಇತ್ತು, ಹೊಳೆಯ ಗಾಳಿ ಇದ್ದದ್ದರಿಂದ ಬಚಾವ್. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದಲ್ಲಿ ಪಯಸ್ವಿನಿ ಅನ್ನಿಸಿಕೊಳ್ಳುವ ನೀರೇ ಇಲ್ಲಿ ಚಂದ್ರಗಿರಿ. ತುಳುನಾಡಿನ ತೆಂಕಣ ಗಡಿ ಇದೇ ಹೊಳೆ ಅಂತ ಹಿರಿಯರು ಹೇಳುತ್ತಿದ್ದದ್ದು. ಆಚೆ ಗುಡ್ಡದಲ್ಲಿರುವ ಕೋಟೆ 17ನೇ ಶತಮಾನದ್ದು, ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಮುರಕಲ್ಲಿನ ಗೋಡೆ, ಮೇಲೆ ಹುಲ್ಲು. ಬೇಕಲ ಕೋಟೆಗೆ ಹೋಗುವವರಲ್ಲಿ ಕಾಲುವಾಸಿ ಜನ ಇಲ್ಲಿಗೂ ಬಂದರೆ ಚೆನ್ನಾಗಿತ್ತು.

ಗೋಡೆಯ ಮೇಲೆ ಕೂತರೆ ಹೊಳೆ ಸಮುದ್ರ ಸೇರುವುದು ಕಾಣುತ್ತದೆ. ಅಲ್ಲೇ ತುಂಬಾ ಹೊತ್ತು ಕೂತೆವು. ಟೊಪ್ಪಿ ಪಕ್ಕದ ಮನೆಯ ಇಚ್ಚನಿಗಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಎಷ್ಟು ರಶ್ ಇದ್ದರೂ, ಮಡಿಕೆ ಬೀಳಬಾರದು ಅಂತ ಅಮ್ಮ ಅದನ್ನು ಮಡಿಲಲ್ಲಿ ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದರು.