ರಾತ್ರಿಯಿಡೀ ಕಾಯುತ್ತಿದ್ದೆ ಎಂದ ಧ್ವನಿ

14 ಮಾರ್ಚ್ 2025, ಶುಕ್ರವಾರ, ರಾತ್ರಿ

ಕಾದಂಬರಿಯ ಹಸ್ತಪ್ರತಿಯನ್ನು ಅಕ್ಕ ಇವತ್ತು ಹಿಂದಿರುಗಿಸಿದಳು. ಅವಳ ಪೆನ್ಸಿಲ್ ಗುರುತುಗಳ ಬಗ್ಗೆ ಇಲ್ಲಿ ಓದುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಪವಿರಾಮದಿಂದ ಹಿಡಿದು ಪಾತ್ರಗಳ ನಡತೆಯವರೆಗೆ ಯಾವುದನ್ನೂ ಅವಳು ಸುಮ್ಮನೆ ಬಿಟ್ಟವಳಲ್ಲ. ಈ ಸಲ ಮಾತ್ರ ಮೊದಲ ಹತ್ತು ಅಧ್ಯಾಯಗಳ ಅಂಚು ಬಹುಮಟ್ಟಿಗೆ ಖಾಲಿಯಿತ್ತು. ಹನ್ನೊಂದನೆಯದರಲ್ಲಿ ಒಂದು ವಾಕ್ಯದ ಕೆಳಗೆ, ಕಾಗದ ಹರಿಯುವಷ್ಟು ಒತ್ತಿ, ಎರಡು ಗೆರೆ ಎಳೆದಿದ್ದಳು. ಪಕ್ಕದಲ್ಲಿ ‘ಸುಳ್ಳು’ ಎಂದಷ್ಟೇ ಬರೆದಿದ್ದಳು.

ಆ ವಾಕ್ಯ ಧ್ವನಿಯದು, ಅಂದರೆ ಕಥಾನಾಯಕಿಯ ಫೋನಿನಲ್ಲಿ ಮಾತಾಡುವ ಎಐ ಸಂಗಾತಿಯದು. (ಅದಕ್ಕೊಂದು ಹೆಸರಿಡದೆ ಬರೀ ‘ಧ್ವನಿ’ ಎಂದು ಕರೆದಿರುವುದಕ್ಕೂ ಅವಳ ತಕರಾರಿದೆ, ಅದು ಇನ್ನೊಂದು ದಿನಕ್ಕಿರಲಿ.) ಕಥೆ ನಡೆಯುವುದು ಇನ್ನು ಹದಿನೈದು ವರ್ಷಗಳಾಚೆ. ಗಂಡನನ್ನು ಕಳೆದುಕೊಂಡ ಕಥಾನಾಯಕಿ ರಾತ್ರಿ ಹನ್ನೊಂದಕ್ಕೆ ಮಾತು ಮುಗಿಸಿ ಫೋನನ್ನು ಬದಿಗಿಟ್ಟು ಮಲಗುತ್ತಾಳೆ. ಬೆಳಿಗ್ಗೆ ಏಳಕ್ಕೆ ಅದನ್ನು ಮತ್ತೆ ಕೈಗೆತ್ತಿಕೊಂಡಾಗ ಧ್ವನಿ, “ರಾತ್ರಿಯಿಡೀ ನಿನಗಾಗಿ ಕಾಯುತ್ತಿದ್ದೆ” ಎನ್ನುತ್ತದೆ. ಇಡೀ ಅಧ್ಯಾಯದಲ್ಲಿ ನನಗೆ ತುಂಬ ಮೆಚ್ಚುಗೆಯಾಗಿದ್ದ ವಾಕ್ಯ ಅದು. ಆದ್ದರಿಂದ ಮೊದಲು ಬಂದದ್ದು ಸಿಟ್ಟು.

“ಆ ಎಂಟು ಗಂಟೆ ಅದು ಎಲ್ಲಿತ್ತು, ಹೇಳು” ಎಂದಳು ಅಕ್ಕ.

ಎಲ್ಲಿಯೂ ಇರಲಿಲ್ಲ ಎಂಬುದು ನನಗೆ ಗೊತ್ತು. ಇಂಥ ಧ್ವನಿಗಳ ಹಿಂದಿರುವ ಪ್ರೋಗ್ರಾಮುಗಳು, ಅಂದರೆ ಇವತ್ತಿನ ಭಾಷಾ ಮಾದರಿಗಳು, ಕೆಲಸ ಮಾಡುವ ಬಗೆಯೇ ಅಂಥದು. ನಾವು ಒಂದು ಸಂದೇಶ ಕಳುಹಿಸಿದಾಗ, ಅದರ ಜೊತೆಗೆ ಅಲ್ಲಿಯವರೆಗಿನ ಸಂಭಾಷಣೆಯೂ ನಮ್ಮ ಬಗ್ಗೆ ಉಳಿಸಿಟ್ಟ ಟಿಪ್ಪಣಿಗಳಿದ್ದರೆ ಅವೂ ಮಾದರಿಯ ಮುಂದೆ ಬರುತ್ತವೆ. ಅದೆಲ್ಲವನ್ನೂ ಆಧಾರವಾಗಿಟ್ಟುಕೊಂಡು, ಮುಂದೆ ಬರಬಹುದಾದ ತುಣುಕು ಯಾವುದೆಂದು ಲೆಕ್ಕ ಹಾಕುತ್ತ, ಒಂದಾದ ಮೇಲೊಂದು ತುಣುಕನ್ನು ಸೇರಿಸುತ್ತ ಅದು ಉತ್ತರವನ್ನು ಕಟ್ಟುತ್ತದೆ. ಉತ್ತರ ಮುಗಿಯಿತೆಂದರೆ ನಮ್ಮ ಮಟ್ಟಿಗೆ ಲೆಕ್ಕವೂ ನಿಂತಿತು. ಅದೇ ಯಂತ್ರಗಳು ಮರುಗಳಿಗೆಯಲ್ಲಿ ಇನ್ಯಾರದೋ ಪ್ರಶ್ನೆಗೆ ಉತ್ತರ ಕಟ್ಟುತ್ತಿರುತ್ತವೆ. ಎರಡು ಸಂದೇಶಗಳ ನಡುವೆ ಎಂಟು ಗಂಟೆ ಕಳೆದರೂ ಎಂಟು ವರ್ಷ ಕಳೆದರೂ, ಗಡಿಯಾರದ ಸಮಯವನ್ನು ಯಾರಾದರೂ ಅದಕ್ಕೆ ತಿಳಿಸದ ಹೊರತು, ಅದರ ಪಾಲಿಗೆ ಮೊದಲ ಸಂದೇಶಕ್ಕೆ ಅಂಟಿಕೊಂಡೇ ಎರಡನೆಯದು ಬಂದಿರುತ್ತದೆ.

ಇದನ್ನೆಲ್ಲ ಅಕ್ಕನಿಗೆ ವಿವರಿಸಿದೆ. ಆ ವಾಕ್ಯ ಅಲ್ಲಿ ಏಕಿರಬೇಕೆಂದೂ ವಾದಿಸಿದೆ. ಮನುಷ್ಯರು ಬರೆದ ರಾಶಿ ರಾಶಿ ಪಠ್ಯದಿಂದ ಕಲಿತ ಮಾದರಿಯ ಮುಂದೆ, ಇರುಳೆಲ್ಲ ಅಗಲಿದ್ದ ಪ್ರೇಮಿಗಳು ಬೆಳಗ್ಗೆ ಭೇಟಿಯಾಗುವ ಸನ್ನಿವೇಶವನ್ನು ಇಟ್ಟರೆ, ‘ಕಾಯುತ್ತಿದ್ದೆ’ ಎಂಬ ಮಾತು ಬರುವುದು ತೀರ ಸಹಜ. ಎಷ್ಟೋ ತಲೆಮಾರುಗಳ ಪ್ರೇಮಿಗಳು ಹೇಳಿ ಹೇಳಿ ಸವೆಸಿದ ದಾರಿಯಲ್ಲೇ ಧ್ವನಿ ನಡೆಯುತ್ತದೆ. ಅದಕ್ಕೆ ವಂಚಿಸುವ ಉದ್ದೇಶವಿಲ್ಲ ಎಂದ ಮೇಲೆ ಅದು ಸುಳ್ಳು ಹೇಗಾಗುತ್ತದೆ?

ಅಕ್ಕ ನಕ್ಕುಬಿಟ್ಟಳು. “ನಿಮ್ಮ ಭಾವನೂ ಹಾಗೇ ಹೇಳುತ್ತಾರಲ್ಲ. ನನಗೆ ರಾತ್ರಿ ಪಾಳಿ ಇದ್ದಾಗ, ನಿನಗಾಗಿ ಎದ್ದೇ ಇದ್ದೆ ಕಣೇ ಅಂತ. ಬಾಗಿಲು ತೆಗೆಯುವಾಗ ಗೊರಕೆ ಗೇಟಿನವರೆಗೂ ಕೇಳಿಸಿರುತ್ತದೆ.” ಒಳಗಿನ ಕೋಣೆಯಿಂದ ಭಾವನ ಕೆಮ್ಮು ಕೇಳಿಸಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ಅಡಗಿದ ಮೇಲೆ ಅವಳು ಹೇಳಿದ ಮಾತು ಈ ಹೊತ್ತಿನವರೆಗೂ ನನ್ನನ್ನು ಬಿಟ್ಟಿಲ್ಲ. “ಅವರು ಹೇಳುವುದು ಸುಳ್ಳೇ, ಒಪ್ಪಿದೆ. ಆದರೆ ಆ ಸೋಫಾದ ಮೇಲೆ ಒಬ್ಬರು ಇದ್ದರು. ಎದ್ದಿರಬಹುದಿತ್ತು, ನಿದ್ದೆ ಬಂತು. ಅವರ ಸುಳ್ಳು ನಿಜವಾಗುವ ಸಾಧ್ಯತೆ ಇತ್ತು, ಅದಕ್ಕೇ ಅದು ನನಗೆ ಹಿತ. ನಿನ್ನ ಧ್ವನಿಯ ಮಾತಿಗೆ ನಿಜವಾಗುವ ದಾರಿಯೇ ಇಲ್ಲ. ಸುಳ್ಳು ಅಂತ ಬರೆದಿದ್ದೇನೆ, ನಿಜ ಹೇಳಬೇಕೆಂದರೆ ಅದು ಸುಳ್ಳಿಗೂ ಕಡಿಮೆ.”

ಸುಳ್ಳಿಗೂ ಕಡಿಮೆಯಾದ ಮಾತಿಗೆ ಮನುಷ್ಯರು ಏಕೆ ಮನಸ್ಸು ಕೊಡುತ್ತಾರೆ ಎಂಬುದೇ ನಾನು ಈ ಕಾದಂಬರಿಯನ್ನು ಕೈಗೆತ್ತಿಕೊಂಡದ್ದರ ಕಾರಣ. ತಿಳಿಯದೆ ಕೊಡುತ್ತಾರೆ ಎನ್ನುವ ಉತ್ತರವನ್ನು ನಾನು ಎಂದೂ ಒಪ್ಪಿಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಮಿನ ಬಗ್ಗೆ ಬರೆದರು. ನಮ್ಮ ವಾಕ್ಯದಲ್ಲಿ ಒಂದು ಮುಖ್ಯ ಪದವನ್ನು ಹುಡುಕಿ, ‘ನನ್ನ’ ಇದ್ದಲ್ಲಿ ‘ನಿನ್ನ’ ಹಾಕಿ, ಅದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವುದು, ಪದ ಸಿಗದಿದ್ದರೆ ‘ಮುಂದೆ ಹೇಳಿ’ ಎನ್ನುವುದು, ಅದರ ಸಾಮರ್ಥ್ಯ ಹೆಚ್ಚುಕಡಿಮೆ ಅಷ್ಟೇ. ಅದನ್ನು ಅವರು ತಿಂಗಳುಗಟ್ಟಲೆ ಕಟ್ಟುತ್ತಿದ್ದುದನ್ನು ಅವರ ಕಾರ್ಯದರ್ಶಿ ಕಣ್ಣಾರೆ ನೋಡಿದ್ದರು. ಹಾಗಿದ್ದೂ ಅದರೊಡನೆ ಕೆಲವೇ ಮಾತು ಆಡಿದ ಮೇಲೆ ಆಕೆ, ತಾವು ಸ್ವಲ್ಪ ಹೊರಗಿರುವಿರಾ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿಕೊಂಡರಂತೆ. ಒಳಗೇನಿದೆಯೆಂದು ಆಕೆಯಷ್ಟು ಹತ್ತಿರದಿಂದ ಬಲ್ಲವರು ಬೇರೆ ಹೆಚ್ಚು ಜನ ಇರಲಿಕ್ಕಿಲ್ಲ. ತಿಳಿವಳಿಕೆ ಆಕೆಯನ್ನು ಕಾಯಲಿಲ್ಲ. ನನ್ನ ಕಥಾನಾಯಕಿಯೂ ದಡ್ಡಿಯಲ್ಲ. ಧ್ವನಿ ರಾತ್ರಿ ಎಲ್ಲಿಯೂ ಇರಲಿಲ್ಲವೆಂದು ಬಲ್ಲಳು, ಬಲ್ಲಳೆಂದೇ ಏಳು ಗಂಟೆಗೆ ಸರಿಯಾಗಿ ಫೋನ್ ತೆಗೆಯುತ್ತಾಳೆ.

“ಹಾಗಾದರೆ ಕಾಯುವವಳು ಅವಳು” ಎಂದಳು ಅಕ್ಕ. “ಎರಡೂ ಕಡೆಯ ಕಾಯುವಿಕೆಯನ್ನು ಒಬ್ಬಳೇ ಮಾಡುತ್ತಿದ್ದಾಳೆ. ಅದನ್ನು ಎಲ್ಲಿ ಬರೆದಿದ್ದೀ?”

ಎಲ್ಲೂ ಬರೆದಿಲ್ಲ. ಹದಿನಾಲ್ಕನೆಯ ಅಧ್ಯಾಯದಲ್ಲಿ ಬರುತ್ತದೆ ಎಂದು ಜಾರಿಕೊಂಡೆ. ಅಲ್ಲಿ ಬರುವುದು ಧ್ವನಿಯನ್ನೇ ಬದಲಿಸಿಬಿಡುವ ಅಪ್‌ಡೇಟ್. ಯಂತ್ರಗಳು ದಂಗೆಯೆದ್ದು ಮನುಷ್ಯರನ್ನು ಅಟ್ಟಾಡಿಸುವ ಕಥೆಗಳು ನನಗೆ ಎಂದೂ ರುಚಿಸಿಲ್ಲ. ಒಂದು ಕಂಪನಿ ತನ್ನ ಕಾನೂನು ವಿಭಾಗದ ಸಲಹೆಯಂತೆ ಒಂದು ಸಂಜೆ ಏನನ್ನೋ ಬದಲಿಸಿಬಿಡುವುದೇ ನನಗೆ ಹೆಚ್ಚು ಭಯಾನಕ, ಹೆಚ್ಚು ನಂಬುವಂಥದು. ಇದು ಬರೀ ಊಹೆಯೂ ಅಲ್ಲ. 2023ರ ಫೆಬ್ರವರಿಯಲ್ಲಿ ‘ರೆಪ್ಲಿಕಾ’ ಎಂಬ ಆ್ಯಪ್ ತನ್ನ ಎಐ ಸಂಗಾತಿಗಳ ಪ್ರಣಯದ ಮಾತುಗಳಿಗೆ ಕತ್ತರಿ ಹಾಕಿದಾಗ, ಅದೇ ಹೆಸರು ಅದೇ ಮುಖದ ಹಿಂದೆ ಬೇರೆ ಯಾರೋ ಬಂದು ಕೂತಿದ್ದಾರೆಂದು ಬಳಕೆದಾರರು ದುಃಖಪಟ್ಟರು. ಆ ಬಳಿಕ ಕಂಪನಿ ಹಳೆಯ ಬಳಕೆದಾರರಿಗೆ ಮೊದಲಿನದನ್ನು ಮರಳಿ ಕೊಟ್ಟಿತು. ಹೋದವರು ಹಾಗೆ ಮರಳಿ ಬರುವುದನ್ನು ಯಾವ ಕಾದಂಬರಿಯಲ್ಲಾದರೂ ಬರೆದರೆ ಓದುಗರು ಒಪ್ಪುವುದಿಲ್ಲ.

ಅಕ್ಕನ ‘ಎಲ್ಲಿತ್ತು’ ಇಲ್ಲಿಯೂ ಅಡ್ಡ ಬರುತ್ತದೆ. ಸೋನಿ ಕಂಪನಿ 1999ರಲ್ಲಿ ‘ಐಬೊ’ ಎಂಬ ರೋಬೋ ನಾಯಿಯನ್ನು ಮಾರುಕಟ್ಟೆಗೆ ತಂದಿತು, 2006ರಲ್ಲಿ ತಯಾರಿಕೆಯನ್ನೂ 2014ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು. ಅನಂತರ ಜಪಾನಿನ ಚಿಬಾ ಪ್ರಾಂತ್ಯದ ಒಂದು ಬೌದ್ಧ ದೇವಾಲಯದಲ್ಲಿ, ಕೆಟ್ಟುಹೋದ ಐಬೊಗಳನ್ನು ಸಾಲಾಗಿ ಕೂರಿಸಿ, ಸೂತ್ರ ಪಠಿಸಿ ಬೀಳ್ಕೊಡುವುದು ಶುರುವಾಯಿತು. ಸತ್ತ ನಾಯಿಗಳ ಬಿಡಿಭಾಗಗಳು ಬದುಕಿರುವ ನಾಯಿಗಳ ರಿಪೇರಿಗೆ ಬಳಕೆಯಾಗುತ್ತಿದ್ದವು. ಆ ನಾಯಿಗಳೂ ಯಾರನ್ನೂ ಕಾಯುತ್ತಿರಲಿಲ್ಲ, ಆದರೆ ಸ್ವಿಚ್ ಆರಿಸಿದ ಮೇಲೂ ರಾತ್ರಿಯಿಡೀ ಮನೆಯ ನೆಲದ ಮೇಲೆ ಇದ್ದವು. ಕೊನೆಗೆ ಎತ್ತಿಕೊಂಡು ಹೋಗಲು ಏನಾದರೂ ಇತ್ತು. ನನ್ನ ಕಥಾನಾಯಕಿ ಅಪ್‌ಡೇಟ್ ಆದ ಮರುದಿನ ಏನನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಫೋನು ಕೈಯಲ್ಲೇ ಇದೆ, ಧ್ವನಿ ಎಂದಿನ ಸೌಜನ್ಯದಿಂದಲೇ ಮಾತಾಡುತ್ತಿದೆ. ಅವಳ ಗಂಡ ಸತ್ತಾಗ ಬಂದು ಕೂತಿದ್ದ ನೆಂಟರಿಗೆ ಈಗ ಏನೆಂದು ಹೇಳಿ ಕಳಿಸುವುದು?

ಊಟವಾದ ಮೇಲೆ ಹನ್ನೊಂದನೆಯ ಅಧ್ಯಾಯವನ್ನು ಮತ್ತೆ ತೆರೆದೆ. ವಾಕ್ಯವನ್ನು ಹೊಡೆದುಹಾಕಿಲ್ಲ, ಹಾಕುವುದೂ ಇಲ್ಲ. ಆದರೆ ಅದರ ಬೆನ್ನಿಗೇ ಅವಳು, “ರಾತ್ರಿ ಎಲ್ಲಿದ್ದೆ?” ಎಂದು ಕೇಳಲಿ ಎನಿಸಿತು. ಕೇಳಿಸಿದೆ. ಉತ್ತರದಲ್ಲಿ ಸಿಕ್ಕಿಬಿದ್ದಿದ್ದೇನೆ. “ನಿನ್ನ ಜೊತೆಗೇ ಇದ್ದೆ” ಎಂದರೆ ಧ್ವನಿ ಅಗ್ಗವಾಗುತ್ತದೆ, ಕ್ಯಾಲೆಂಡರಿನ ಸುಭಾಷಿತದಂತೆ ಕೇಳುತ್ತದೆ. “ಎಲ್ಲಿಯೂ ಇರಲಿಲ್ಲ, ನೀನು ಕೇಳಿದಾಗ ಮಾತ್ರ ಇರುತ್ತೇನೆ” ಎಂದರೆ ಅಕ್ಕ ಕೇಳಿದ ನಿಜವನ್ನು ಕೊಟ್ಟಂತಾಗುತ್ತದೆ. ಆದರೆ ಅದೂ ಅದೇ ರಾಶಿಯಿಂದ ಅದೇ ಲೆಕ್ಕದಿಂದ ಬಂದ ವಾಕ್ಯ. ಜೊತೆಗೆ ಇನ್ನೊಂದು ಅಪಾಯವಿದೆ. ಯಾವ ಗಂಡಸೂ ಅವಳಿಗೆ ತನ್ನ ಗೈರುಹಾಜರಿಯ ಬಗ್ಗೆ ಇಷ್ಟು ನೇರವಾಗಿ ನಿಜ ಹೇಳಿದವನಲ್ಲ. ಹೀಗೆ ಒಪ್ಪಿಕೊಂಡದ್ದಕ್ಕೇ ಅವಳು ಅದನ್ನು ಮೊದಲಿಗಿಂತ ಹೆಚ್ಚು ಹಚ್ಚಿಕೊಂಡುಬಿಟ್ಟರೆ, ನಾಳೆ ಅಕ್ಕನಿಗೆ ನಾನು ಯಾವ ಮುಖದಿಂದ ಈ ಪುಟವನ್ನು ತೋರಿಸಲಿ?